ತಟ್ಟೆಗೇರದ ನಾದ: ನಮ್ಮ ಚಲಚ್ಚಿತ್ರಗಳ ಹಿನ್ನೆಲೆ ಸಂಗೀತ

ಹನ್ನೆರಡನೆಯ ಶತಮಾನದ ಶರಣರ ನುಡಿಗಳು ಇಂದು ನಮ್ಮ ಕೈಗೆ ದೊರೆತಿರುವುದು ಯಾರಿಂದ ಎಂದು ಕೇಳಿದರೆ, ಮೊದಲು ನೆನಪಿಗೆ ಬರುವ ಹೆಸರು ಫ. ಗು. ಹಳಕಟ್ಟಿಯವರದು. ಅಟ್ಟದ ಮೇಲೆ, ಜಗಲಿಯ ಕಟ್ಟಿನಲ್ಲಿ, ಪೂಜೆಯ ಗೂಡಿನಲ್ಲಿ ಹುಳು ತಿನ್ನುತ್ತಿದ್ದ ತಾಳೆಗರಿಗಳನ್ನು ಅವರು ಮನೆಮನೆ ಅಲೆದು ಸಂಗ್ರಹಿಸದಿದ್ದರೆ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರದಿದ್ದರೆ, ಎಷ್ಟು ವಚನಗಳು ಮಣ್ಣಾಗುತ್ತಿದ್ದವೋ ಹೇಳಲಾಗದು. ಅಕ್ಷರಕ್ಕೆ ಒದಗಿದ ಈ ಭಾಗ್ಯ ನಾದಕ್ಕೆ ಒದಗಿದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲವೀಗ ಬಂದಿದೆ. ಗರಿಯ ಮೇಲಿನ ಬರಹ ಶತಮಾನಗಳನ್ನು ದಾಟಬಲ್ಲದು; ಸುರುಳಿಯ ಮೇಲಿನ ಧ್ವನಿ ಒಂದು ತಲೆಮಾರಿನಲ್ಲಿಯೇ ಅಳಿಯಬಲ್ಲದು.

ಕನ್ನಡ ಚಲಚ್ಚಿತ್ರಗಳ ಹಾಡುಗಳನ್ನು ಕುರಿತು ನಾವು ಬೇಕಾದಷ್ಟು ಓದಿದ್ದೇವೆ, ಕೇಳಿದ್ದೇವೆ. ಆದರೆ ಹಾಡಿಲ್ಲದೆಡೆಯಲ್ಲಿ, ಮಾತಿನ ಹಿಂದೆ, ಮೌನದ ನಡುವೆ ನುಡಿಯುವ ಹಿನ್ನೆಲೆ ಸಂಗೀತವನ್ನು ಕುರಿತು ಚರ್ಚೆ ಅತ್ಯಲ್ಪ. ಅದರಲ್ಲಿ ಬಹುಪಾಲು ಎಂದೂ ಗ್ರಾಮಫೋನ್ ತಟ್ಟೆಯನ್ನಾಗಲಿ, ಕ್ಯಾಸೆಟ್ಟನ್ನಾಗಲಿ, ಸಿ.ಡಿ.ಯನ್ನಾಗಲಿ ಏರಲಿಲ್ಲ. ಅದು ಏಕೆ ಹೀಗಾಯಿತು, ಹೊರನಾಡುಗಳಲ್ಲಿ ಏನಾಯಿತು, ನಮ್ಮಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು, ಅದಕ್ಕೆ ನಮ್ಮಂತಹ ಊರಿನ ಶಾಲೆಯೊಂದು ಏನು ಮಾಡಬಹುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ ಸಂಗೀತವೆಂದರೇನು?

ಚಿತ್ರದ ಹಾಡು ಮೊದಲು ಹುಟ್ಟುತ್ತದೆ. ಅದಕ್ಕೆ ತಕ್ಕಂತೆ ನಟನಟಿಯರು ತುಟಿಯಾಡಿಸುತ್ತಾರೆ. ಹಿನ್ನೆಲೆ ಸಂಗೀತದ ಕ್ರಮ ಇದಕ್ಕೆ ತದ್ವಿರುದ್ಧ. ಚಿತ್ರೀಕರಣ ಮುಗಿದು, ಸಂಕಲನವಾಗಿ, ಚಿತ್ರವು ಒಂದು ರೂಪಕ್ಕೆ ಬಂದ ಮೇಲೆ ಸಂಗೀತ ನಿರ್ದೇಶಕನು ಅದನ್ನು ರೀಲು ರೀಲಾಗಿ ನೋಡುತ್ತಾನೆ. ಎಲ್ಲಿ ವಾದ್ಯ ಬೇಕು, ಎಲ್ಲಿ ಬೇಡ, ಎಷ್ಟು ಸೆಕೆಂಡು ಬೇಕು ಎಂದು ಗಡಿಯಾರ ಹಿಡಿದು ಗುರುತು ಹಾಕಿಕೊಳ್ಳುತ್ತಾನೆ. ಬಾಗಿಲು ತೆರೆಯುವ ಕ್ಷಣ, ಪತ್ರ ಕೈಜಾರುವ ಕ್ಷಣ, ಕಣ್ಣು ತುಂಬುವ ಕ್ಷಣ, ಇವಕ್ಕೆಲ್ಲ ಲೆಕ್ಕವುಂಟು. ಮೂವತ್ತೈದು ಮಿಲಿಮೀಟರಿನ ಚಿತ್ರಸುರುಳಿಯ ಪ್ರತಿ ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಅಂದರೆ ಒಂದು ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ. ಈ ಅಳತೆಯೊಳಗೆ ವಾದ್ಯವೃಂದವು ಕೂತು, ಎದುರಿನ ತೆರೆಯ ಮೇಲೆ ಓಡುವ ಚಿತ್ರವನ್ನು ನೋಡುತ್ತ ನುಡಿಸಬೇಕು. ಹಾಡಿಗೆ ವಾರಗಟ್ಟಲೆ ಕಾಲ ದೊರೆಯಬಹುದು. ಹಿನ್ನೆಲೆ ಸಂಗೀತಕ್ಕೆ ಬಿಡುಗಡೆಯ ದಿನ ಬಾಗಿಲಲ್ಲಿ ನಿಂತಿರುವಾಗ ದೊರೆಯುವುದು ಕೆಲವೇ ದಿನಗಳು.

ಹೀಗೆ ಮುದ್ರಿತವಾದ ಸಂಗೀತವು ಒಂದು ಕಾಂತಸುರುಳಿಯ ಮೇಲೆ ಇರುತ್ತದೆ. ಸಂಭಾಷಣೆ ಇನ್ನೊಂದರ ಮೇಲೆ. ಹೆಜ್ಜೆಯ ಸಪ್ಪಳ, ಮಳೆ, ಗಾಡಿ, ಹಕ್ಕಿ ಮುಂತಾದ ಶಬ್ದಗಳು ಮತ್ತೊಂದರ ಮೇಲೆ. ಈ ಮೂರನ್ನೂ ಹದವರಿತು ಬೆರೆಸಿ, ಒಂದೇ ಧ್ವನಿಪಥವನ್ನಾಗಿ ಮಾಡಿ, ಚಿತ್ರಸುರುಳಿಯ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚೊತ್ತುತ್ತಿದ್ದರು. ಚಿತ್ರಮಂದಿರದ ಯಂತ್ರವು ಆ ಗೆರೆಯನ್ನು ಓದಿ ಮತ್ತೆ ಧ್ವನಿಯನ್ನಾಗಿಸುತ್ತಿತ್ತು. ಬೆರೆಸಿದ ಮೇಲೆ ಮೂರನ್ನು ಬೇರ್ಪಡಿಸುವುದು ಹಾಲಿನಲ್ಲಿ ಕರಗಿದ ಸಕ್ಕರೆಯನ್ನು ಹೆಕ್ಕಿದಂತೆ. ಬೇರೆಯಾಗಿದ್ದ ಸಂಗೀತದ ಸುರುಳಿಯೊಂದೇ ಅದರ ಶುದ್ಧರೂಪ. ಆದರೆ ಕಾಂತಸುರುಳಿ ದುಬಾರಿಯ ವಸ್ತು. ಅದನ್ನು ಅಳಿಸಿ ಮತ್ತೆ ಬಳಸಬಹುದು. ಕೆಲಸ ಮುಗಿದ ಮೇಲೆ ಅದನ್ನು ಅಳಿಸಿ ಬೇರೊಂದು ಚಿತ್ರಕ್ಕೆ ಬಳಸುವುದು ಮಿತವ್ಯಯವೆನಿಸಿತ್ತು. ಆ ಮಿತವ್ಯಯದಲ್ಲಿ ನಾವು ಕಳೆದುಕೊಂಡುದನ್ನು ಈಗ ಲೆಕ್ಕ ಹಾಕಬೇಕಾಗಿದೆ.

ತಟ್ಟೆಗೆ ಏಕೆ ಬರಲಿಲ್ಲ?

ಇದಕ್ಕೆ ಮೊದಲ ಕಾರಣ ತಟ್ಟೆಯ ಅಳತೆಯೇ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಗಳ ಧ್ವನಿ, ಅಥವಾ ಅದಕ್ಕಿಂತ ತುಸು ಹೆಚ್ಚು. ನಮ್ಮ ಚಿತ್ರಗೀತೆಗಳು ಮೂರು ನಿಮಿಷಗಳ ಆಸುಪಾಸಿನಲ್ಲಿ ನಿಂತುದಕ್ಕೆ ಇದೂ ಒಂದು ಕಾರಣ. ಈಗ ಎರಡೂವರೆ ಗಂಟೆಯ ಚಿತ್ರವೊಂದನ್ನು ತೆಗೆದುಕೊಳ್ಳೋಣ. ಅದರ ಮೂರರಲ್ಲೊಂದು ಪಾಲು ಹಿನ್ನೆಲೆ ಸಂಗೀತವಿದೆಯೆಂದು ಇಟ್ಟುಕೊಂಡರೆ ಒಟ್ಟು ಐವತ್ತು ನಿಮಿಷ. ಅದಕ್ಕೆ ಹದಿನೇಳು ಮಗ್ಗುಲು, ಅಂದರೆ ಒಂಬತ್ತು ತಟ್ಟೆಗಳು ಬೇಕು. ಒಂಬತ್ತು ತಟ್ಟೆ ಕೊಂಡು, ಮೂರು ನಿಮಿಷಕ್ಕೊಮ್ಮೆ ಎದ್ದು ಮಗ್ಗುಲು ಬದಲಿಸಿ, ಮುಳ್ಳು ಬದಲಿಸಿ ಕೇಳುವವರು ಯಾರು? 1948ರಲ್ಲಿ ಅಮೆರಿಕದಲ್ಲಿ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೆಯ ಒಂದು ಸುತ್ತಿನ ಎಲ್.ಪಿ. ತಟ್ಟೆ ಬಂದ ಮೇಲೆ ಮಗ್ಗುಲೊಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳು ದೊರೆತವು. ಇಡೀ ಚಿತ್ರದ ಸಂಗೀತ ಒಂದು ತಟ್ಟೆಯಲ್ಲಿ ಅಡಗುವಂತಾಯಿತು.

ಎರಡನೆಯ ಕಾರಣ ಮಾರುಕಟ್ಟೆ. ನಮ್ಮ ನಾಡಿನಲ್ಲಿ ತಟ್ಟೆಯನ್ನು ಕೊಳ್ಳುತ್ತಿದ್ದವರು ಯಾರೆಂಬುದನ್ನು ನೆನೆಯಬೇಕು. ಶ್ರೀಮಂತರ ಮನೆಗಳನ್ನು ಬಿಟ್ಟರೆ, ಮದುವೆ ಮುಂಜಿಗಳಿಗೆ, ಜಾತ್ರೆಗಳಿಗೆ ಮೈಕ್ ಸೆಟ್ಟನ್ನು ಬಾಡಿಗೆಗೆ ಕೊಡುತ್ತಿದ್ದವರು, ಹೋಟೆಲಿನವರು, ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಲ್ಲಿ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸಿನವರು. ಆಟ ಆರಂಭವಾಗುವ ಮುನ್ನ ಊರಿಗೆಲ್ಲ ಕೇಳುವಂತೆ ದೇವರ ಹಾಡು ಹಾಕಿದರೆ ಜನ ಊಟ ಮುಗಿಸಿ ಹೊರಡುತ್ತಿದ್ದರು. ಇವರೆಲ್ಲರಿಗೂ ಬೇಕಾದುದು ಹಾಡು. ಕೆಲವೊಂದು ಚಿತ್ರಗಳ ಸಂಭಾಷಣೆಯೂ ತಟ್ಟೆಯಾಗಿ, ಕ್ಯಾಸೆಟ್ಟಾಗಿ ಬಂದು ಜನಪ್ರಿಯವಾಯಿತು. ಮಾತೂ ಇಲ್ಲದ, ಹಾಡೂ ಅಲ್ಲದ ವಾದ್ಯಸಂಗೀತಕ್ಕೆ ಗಿರಾಕಿ ಇಲ್ಲವೆಂದು ಧ್ವನಿಮುದ್ರಣ ಸಂಸ್ಥೆಗಳು ಭಾವಿಸಿದುದು ವ್ಯಾಪಾರದ ದೃಷ್ಟಿಯಿಂದ ಸಹಜವೇ.

ಹಾಲಿವುಡ್ಡಿನಲ್ಲಿ ಮೈಸೂರಿನ ಹುಡುಗ

ಈ ವಿಷಯದಲ್ಲಿ ಹೊರನಾಡಿನ ಅನುಭವವನ್ನು ತಿಳಿಯುವುದು ಪ್ರಯೋಜನಕರ. ಅಚ್ಚರಿಯೆಂದರೆ, ಆ ಕಥೆಯ ಮೊದಲ ಪುಟದಲ್ಲಿಯೇ ನಮ್ಮ ನಾಡಿನ ಹುಡುಗನೊಬ್ಬನ ಧ್ವನಿ ಇದೆ. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ಇಲ್ಲಿಯ ಕಾಡುಗಳಲ್ಲಿ ಚಿತ್ರಿತವಾದ ‘ಎಲಿಫೆಂಟ್ ಬಾಯ್’ (1937) ಚಿತ್ರದಿಂದ ಜಗತ್ಪ್ರಸಿದ್ಧನಾಗಿ, ಮುಂದೆ ಅಮೆರಿಕಕ್ಕೆ ಹೋದನು. 1942ರಲ್ಲಿ ಅವನು ನಟಿಸಿದ ‘ಜಂಗಲ್ ಬುಕ್’ ಚಿತ್ರಕ್ಕೆ ಸಂಗೀತ ರಚಿಸಿದವನು ಹಂಗೆರಿ ದೇಶದ ಮಿಕ್ಲೋಶ್ ರೋಜಾ. ಆ ಸಂಗೀತವನ್ನು ಸಾಬುವಿನ ಕಥನದೊಡನೆ ಆರ್.ಸಿ.ಎ. ವಿಕ್ಟರ್ ಸಂಸ್ಥೆಯವರು 78 ಸುತ್ತಿನ ತಟ್ಟೆಗಳ ಗುಚ್ಛವಾಗಿ ಹೊರತಂದರು. ಹಾಡುಕುಣಿತಗಳ ಚಿತ್ರವಲ್ಲದ ಅಮೆರಿಕದ ಚಿತ್ರವೊಂದರ ಹಿನ್ನೆಲೆ ಸಂಗೀತ ಮಾರಾಟದ ತಟ್ಟೆಯಾದುದು ಅದೇ ಮೊದಲೆಂದು ಅಲ್ಲಿಯ ಬಲ್ಲವರು ಗಣಿಸುತ್ತಾರೆ. ತಟ್ಟೆಗೆ ಮಾತಿನ ಆಸರೆ ಬೇಕಾಯಿತೆಂಬುದನ್ನೂ ಗಮನಿಸಬೇಕು. ವಾದ್ಯವೊಂದನ್ನೇ ಜನ ಕೇಳುವರೆಂಬ ನಂಬಿಕೆ ಅಲ್ಲಿಯೂ ಇನ್ನೂ ಹುಟ್ಟಿರಲಿಲ್ಲ.

ಅಲ್ಲಿಯೂ ನಷ್ಟಗಳು ಕಡಮೆಯಲ್ಲ. ಎಂ.ಜಿ.ಎಂ. ಸಂಸ್ಥೆಯು 1970ರ ಆಸುಪಾಸಿನಲ್ಲಿ ತನ್ನ ಸಂಗೀತ ಭಂಡಾರದ ಸ್ವರಲಿಪಿಯ ಹಾಳೆಗಳನ್ನು ಜಾಗದ ಅಭಾವದಿಂದ ಕಸದೊಡನೆ ಮಣ್ಣಿಗೆ ಹಾಕಿತು. ಮುಂದೆ ಜಾನ್ ವಿಲ್ಸನ್ ಎಂಬ ಆಂಗ್ಲ ವಾದ್ಯವೃಂದ ನಿರ್ದೇಶಕನು ಆ ಸಂಸ್ಥೆಯ ಹಾಡುಚಿತ್ರಗಳನ್ನು ಮತ್ತೆ ಮತ್ತೆ ಕಿವಿಗೊಟ್ಟು ಕೇಳಿ, ಒಂದೊಂದು ವಾದ್ಯದ ಸ್ವರವನ್ನೂ ಕಾಗದಕ್ಕಿಳಿಸಿ, ಆ ಸಂಗೀತವನ್ನು ಪುನರ್ನಿರ್ಮಿಸಬೇಕಾಯಿತು. ಅದೇ ಸಂಸ್ಥೆಯ ‘ಬೆನ್‍ಹರ್’ (1959) ಚಿತ್ರಕ್ಕೂ ರೋಜಾನೇ ಸಂಗೀತಕಾರ. ಅಂದು ಮಾರಾಟಕ್ಕೆ ಬಂದ ತಟ್ಟೆಯಲ್ಲಿದ್ದುದು ಚಿತ್ರದಲ್ಲಿ ಕೇಳಿದ ವಾದನವಲ್ಲ; ರೋಮ್ ನಗರದಲ್ಲಿ ಬೇರೆಯಾಗಿ ನುಡಿಸಿ ಮುದ್ರಿಸಿದುದು. ಚಿತ್ರದ ಮೂಲ ವಾದನ ಸಮಗ್ರವಾಗಿ ಐದು ಸಿ.ಡಿ.ಗಳ ಗುಚ್ಛವಾಗಿ ಬಂದುದು 2012ರಲ್ಲಿ. ಅಭಿಮಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾದರು.

ಆದರೆ ಅಲ್ಲಿ ಕಾಯುವವರು ಸುಮ್ಮನೆ ಕಾಯಲಿಲ್ಲ. 1972ರಿಂದ ಚಾರ್ಲ್ಸ್ ಗೆರ್ಹಾರ್ಟ್ ಎಂಬ ನಿರ್ದೇಶಕನು ಹಳೆಯ ಚಿತ್ರಗಳ ಸಂಗೀತವನ್ನು ದೊಡ್ಡ ವಾದ್ಯವೃಂದದಿಂದ ಹೊಸದಾಗಿ ನುಡಿಸಿ ಎಲ್.ಪಿ. ಮಾಲೆಯೊಂದನ್ನು ಹೊರತಂದನು. ಮಾಲೆಯ ಮೊದಲ ತಟ್ಟೆ ಎರಿಕ್ ಕೋರ್ನ್‌ಗೋಲ್ಡನ ಸಂಗೀತದ್ದು. ಇದರ ಯಶಸ್ಸನ್ನು ಕಂಡ ಮೇಲೆ ಇತರರೂ ಮುಂದೆ ಬಂದರು. ಯಾವ ಚಿತ್ರದ ಸಂಗೀತ ಇನ್ನೂ ತಟ್ಟೆಯಾಗಿಲ್ಲ, ಯಾವುದರ ಹಾಳೆಗಳು ಯಾವ ಗ್ರಂಥಾಲಯದಲ್ಲಿವೆ ಎಂದು ಅಭಿಮಾನಿಗಳು ಪಟ್ಟಿ ಮಾಡಿದರು, ಚಂದಾ ಕೂಡಿಸಿದರು. ಮುಂದಿನ ಪ್ರಕಟಣೆಗಳಿಗೆ ಇಂತಹ ಪಟ್ಟಿಗಳು ದಾರಿ ಮಾಡಿಕೊಟ್ಟವು. ನಮ್ಮಲ್ಲಿ ಇನ್ನೂ ಆ ಪಟ್ಟಿಯೇ ಆಗಬೇಕಾಗಿದೆ. 1984ರಲ್ಲಿ ಬೆಂಗಳೂರು, ರಾಮನಗರಗಳ ಸುತ್ತ ಚಿತ್ರಿತವಾದ ‘ಎ ಪ್ಯಾಸೇಜ್ ಟು ಇಂಡಿಯಾ’ದ ಹಿನ್ನೆಲೆ ಸಂಗೀತಕ್ಕಾಗಿ ಮೋರಿಸ್ ಜಾರ್ ಆಸ್ಕರ್ ಪ್ರಶಸ್ತಿ ಪಡೆದನು, ಅದು ತಟ್ಟೆಯಾಗಿಯೂ ಬಂದಿತು. ಅದೇ ಬಂಡೆಗಳ ನಡುವೆ ತಯಾರಾದ ನಮ್ಮ ಚಿತ್ರಗಳ ಹಿನ್ನೆಲೆ ಸಂಗೀತಕ್ಕೆ ಆ ಯೋಗ ದೊರೆಯಲಿಲ್ಲ.

ನಮ್ಮ ಪಟ್ಟಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆ ಕಂಡಿತು. ವೈ. ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ, ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಿ. ಇಂದು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಚಿತ್ರವೇ ಇಲ್ಲವಾದ ಮೇಲೆ ಅದರ ಸಂಗೀತದ ಮಾತೆಲ್ಲಿ? ನಮ್ಮ ಪಟ್ಟಿಯ ಮೊದಲ ಸಾಲು ಹೀಗೆ ಖಾಲಿಯಾಗಿಯೇ ಇರಬೇಕಾದುದು ವಿಷಾದದ ಸಂಗತಿ. ಅದನ್ನು ಖಾಲಿಯಾಗಿಯೇ ಬರೆದಿಡುವುದು ಎಚ್ಚರಿಕೆಗೆ ಒಳ್ಳೆಯದು.

ಎರಡನೆಯ ಸಾಲಿನಲ್ಲಿ, ನಮ್ಮ ಸಮಾಜಕ್ಕೆ ಹೃದಯಸ್ಪರ್ಶಿಯಾದ ‘ಜಗಜ್ಯೋತಿ ಬಸವೇಶ್ವರ’ (1959) ಬರಬೇಕು. ಟಿ. ವಿ. ಸಿಂಗ್ ಠಾಕೂರರ ನಿರ್ದೇಶನ, ಬಸವಣ್ಣನವರಾಗಿ ಹೊನ್ನಪ್ಪ ಭಾಗವತರು, ಬಿಜ್ಜಳನಾಗಿ ರಾಜಕುಮಾರರು, ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಆ ವರ್ಷದ ಉತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪತಿಗಳ ಬೆಳ್ಳಿಪದಕವನ್ನು ಪಡೆದ ಚಿತ್ರವಿದು. ವಚನಗಳನ್ನು ಹಾಡುವ ಕ್ರಮವನ್ನು ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಮಹನೀಯರು ವೇದಿಕೆಯ ಮೇಲೆ, ಆಕಾಶವಾಣಿಯಲ್ಲಿ, ತಟ್ಟೆಗಳಲ್ಲಿ ರೂಢಿಸಿದರು. ಅವರ ಧ್ವನಿ ಉಳಿದಿದೆ. ವಚನಕಾರರ ಬಾಳನ್ನು ತೆರೆಯ ಮೇಲೆ ತಂದಾಗ, ಮಾತು ಮುಗಿದೆಡೆಯಲ್ಲಿ ವಾದ್ಯವೃಂದ ಯಾವ ಭಾವವನ್ನು ನುಡಿಯಿತೆಂಬುದಕ್ಕೆ ಮಾತ್ರ ಚಿತ್ರದ ಧ್ವನಿಪಥವೊಂದೇ ಸಾಕ್ಷಿ.

ಮುಂದಿನ ಸಾಲುಗಳಿಗೆ ನಮ್ಮ ಜಿಲ್ಲೆಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಕಾವೇರಿಯ ದಡದ ಈ ಕೊಣನೂರು ಸೇರಿರುವುದು ಅರಕಲಗೂಡು ತಾಲ್ಲೂಕಿಗೆ. ಆ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರವಾಗಿ ಧರಿಸಿದವರು ಅ.ನ.ಕೃ. ಸಂಗೀತಗಾರನೊಬ್ಬನ ಬಾಳನ್ನು ಕುರಿತ ಅವರ ‘ಸಂಧ್ಯಾರಾಗ’ 1966ರಲ್ಲಿ ಚಿತ್ರವಾಯಿತು. ಜಿ. ಕೆ. ವೆಂಕಟೇಶ್ ಮತ್ತು ಬಾಲಮುರಳಿಕೃಷ್ಣ ಅವರ ಸಂಗೀತ. ಭೀಮಸೇನ ಜೋಶಿ ಹಾಗೂ ಬಾಲಮುರಳಿ ಅವರಿಬ್ಬರ ಕಂಠವೂ ಒಂದೇ ಚಿತ್ರದಲ್ಲಿ. ಉತ್ತರಾದಿ ದಕ್ಷಿಣಾದಿ ಎರಡು ಸಂಪ್ರದಾಯಗಳು ಒಂದೇ ಅಂಗಳದಲ್ಲಿ ಕೂಡಿದ ಇಂತಹ ಸಂದರ್ಭ ವಿರಳ. ಅದರ ಹಾಡುಗಳು ಮನೆಮಾತಾದವು. ಹಾಡುಗಳ ನಡುವಣ ಸಂಗೀತವನ್ನು ಬೇರೆಯಾಗಿ ಕೇಳುವ ಅವಕಾಶ ಮಾತ್ರ ರಸಿಕರಿಗೆ ಒದಗಲಿಲ್ಲ.

ಹೇಮಾವತಿಯ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯಿಂದ ‘ಭೂತಯ್ಯನ ಮಗ ಅಯ್ಯು’ (1974) ಹುಟ್ಟಿತು. ಸಿದ್ಧಲಿಂಗಯ್ಯನವರ ನಿರ್ದೇಶನ, ಸಂಗೀತ ಮತ್ತೆ ಜಿ. ಕೆ. ವೆಂಕಟೇಶ್ ಅವರದೇ. ಎರಡು ಮನೆಗಳ ಹಗೆ ಕೊನೆಗೆ ನೆರೆಯ ನೀರಿನಲ್ಲಿ ಕರಗುವ ದೃಶ್ಯವನ್ನು ಕಂಡವರು ಮರೆಯಲಾರರು. ಅಲ್ಲಿ ನೀರಿನ ಭೋರ್ಗರೆತ, ಜನರ ಕೂಗು, ವಾದ್ಯಗಳು ಒಂದರೊಳಗೊಂದು ಬೆರೆತಿವೆ. ನೆರೆಯನ್ನು ಕಣ್ಣಾರೆ ಕಂಡಿರುವ ನಮ್ಮ ಹೊಳೆದಂಡೆಯ ಜನಕ್ಕೆ ಆ ದೃಶ್ಯ ತಟ್ಟುವ ಬಗೆಯೇ ಬೇರೆ. ಇದೇ ವೆಂಕಟೇಶ್ ಅವರ ಸಹಾಯಕರಾಗಿ ದುಡಿದು ಕಲಿತವರಲ್ಲಿ ಇಳಯರಾಜ ಅವರೂ ಒಬ್ಬರೆಂಬುದನ್ನು ನೆನೆದರೆ, ಈ ಸಂಗೀತವನ್ನು ಬಿಡಿಸಿ ಅಭ್ಯಾಸ ಮಾಡುವ ಅವಶ್ಯಕತೆ ಇನ್ನೂ ಸ್ಪಷ್ಟವಾಗುತ್ತದೆ. ಹಿನ್ನೆಲೆ ಸಂಗೀತದಲ್ಲಿ ದಕ್ಷಿಣ ಭಾರತದ ಚಿತ್ರರಂಗ ಮುಂದೆ ಹಿಡಿದ ದಾರಿಯ ಒಂದು ಮೂಲ ಇಲ್ಲಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನೂ, ‘ತಬ್ಬಲಿಯು ನೀನಾದೆ ಮಗನೆ’ಯನ್ನೂ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಜೊತೆಗೂಡಿ ತೆರೆಗೆ ತಂದರು. ಎರಡಕ್ಕೂ ಸಂಗೀತ ನೀಡಿದವರು ಭಾಸ್ಕರ ಚಂದಾವರ್ಕರ್. ಪಂಡಿತ ರವಿಶಂಕರರ ಬಳಿ ಸಿತಾರ್ ಕಲಿತು, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಪಾಠ ಹೇಳಿದ ವಿದ್ವಾಂಸರಾದ ಅವರ ಕೃತಿಗಳಲ್ಲಿ ಸಂಗೀತದಷ್ಟೇ ಮೌನಕ್ಕೂ ಬೆಲೆ. ಎಲ್ಲಿ ನುಡಿಸಬಾರದೆಂಬ ವಿವೇಕವನ್ನು ಕಲಿಯಬೇಕಾದವರಿಗೆ ಅವು ಪಠ್ಯಗಳು. ಭೈರಪ್ಪನವರು 2025ರಲ್ಲಿ, ಚಂದಾವರ್ಕರರು 2009ರಲ್ಲಿ ನಮ್ಮನ್ನಗಲಿದರು. ಹೀಗೆ ಹಾಸನ ಜಿಲ್ಲೆಯ ಮೂವರು ಸಾಹಿತಿಗಳ ನಾಲ್ಕು ಕೃತಿಗಳು ನಾಲ್ಕು ಚಿತ್ರಗಳಾದವು. ಪುಸ್ತಕಗಳನ್ನು ನಾವು ನಮ್ಮ ಗ್ರಂಥಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದೇವೆ, ಅವುಗಳಿಂದ ಹುಟ್ಟಿದ ನಾದಕ್ಕೆ ಕಪಾಟಿಲ್ಲ.

ಜಿಲ್ಲೆಯ ಗಡಿಯಾಚೆ ನೋಡಿದರೆ ಪಟ್ಟಿ ಇನ್ನೂ ಬೆಳೆಯುತ್ತದೆ. ‘ಸಂಸ್ಕಾರ’ಕ್ಕೆ (1970) ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ನೀಡಿದರು. ‘ಚೋಮನ ದುಡಿ’ಯಲ್ಲಿ (1975) ಬಿ. ವಿ. ಕಾರಂತರು ದುಡಿಯ ಬಡಿತವನ್ನೇ ಚೋಮನ ಮಾತನ್ನಾಗಿಸಿದರು. ಬಾಯಿಂದ ಹೇಳಲಾಗದ ಬಡತನವನ್ನು, ಸಿಟ್ಟನ್ನು ಚರ್ಮವಾದ್ಯ ಹೇಳುತ್ತದೆ. ಆ ಸಂಗೀತವನ್ನು ಚಿತ್ರದ ಅಲಂಕಾರವೆನ್ನಲಾಗದು, ಕಥೆಯ ಪಾತ್ರವದು. ‘ಋಷ್ಯಶೃಂಗ’ ಹಾಗೂ ‘ಘಟಶ್ರಾದ್ಧ’ ಚಿತ್ರಗಳಿಗೆ ಕಾರಂತರಿಗೆ 1976 ಮತ್ತು 1977ರ ಸಾಲಿನ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಎರಡು ವರ್ಷ ಸತತವಾಗಿ ಬಂದಿತು. ವಿಜಯಭಾಸ್ಕರ್ ಅವರು ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’ (1969), ‘ಶರಪಂಜರ’ (1971) ಚಿತ್ರಗಳಲ್ಲಿ ಪುಟ್ಟಣ್ಣ ಕಣಗಾಲರ ಸ್ತ್ರೀಪಾತ್ರಗಳ ಅಂತರಂಗಕ್ಕೆ ವಾದ್ಯಗಳ ಭಾಷೆ ಕೊಟ್ಟರು. ‘ಸನಾದಿ ಅಪ್ಪಣ್ಣ’ದಲ್ಲಿ (1977) ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಇದೆ. ಬೆಂಗಳೂರಿನಲ್ಲಿ ಚಿತ್ರಿತವಾದ ‘ಪುಷ್ಪಕ ವಿಮಾನ’ದಲ್ಲಿ (1987) ಮಾತೂ ಇಲ್ಲ, ಹಾಡೂ ಇಲ್ಲ, ಎಲ್. ವೈದ್ಯನಾಥನ್ ಅವರ ಸಂಗೀತವೇ ಆ ಚಿತ್ರದ ನಾಲಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಬಾಳನ್ನು ಕುರಿತ ಚಿತ್ರದ ಸಂಗೀತಕ್ಕಾಗಿ ಹಂಸಲೇಖ ಅವರು 1995ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು.

ಆತುರವೇಕೆ?

ಈ ಕಾರ್ಯವನ್ನು ನಾಳೆಗೆ ಮುಂದೂಡಲಾಗದೆನ್ನಲು ಮೂರು ಕಾರಣಗಳಿವೆ. ಮೊದಲನೆಯದು, ಚಿತ್ರಸುರುಳಿ ಸಾಯುವ ವಸ್ತು. 1950ರ ದಶಕದ ಮೊದಲಲ್ಲಿ ಬಳಕೆ ತಪ್ಪಿದ ನೈಟ್ರೇಟ್ ಸುರುಳಿ ಬೆಂಕಿಗೆ ತುತ್ತಾಗುವಂತಹುದು. ಅದರ ನಂತರ ಬಂದ ಅಸಿಟೇಟ್ ಸುರುಳಿ ಸೆಖೆ ಮತ್ತು ತೇವದಲ್ಲಿ ಕೊಳೆತು, ಹುಳಿವಾಸನೆ ಬೀರುತ್ತ, ಮುದುಡಿ ಹೋಗುತ್ತದೆ. ಒಮ್ಮೆ ಆರಂಭವಾದ ಈ ಕೊಳೆತವನ್ನು ನಿಧಾನಗೊಳಿಸಬಹುದೇ ಹೊರತು ಹಿಂತಿರುಗಿಸಲಾಗದು. ಎರಡನೆಯದು, ವಾದ್ಯವೃಂದದ ಸ್ವರಲಿಪಿಯ ಹಾಳೆಗಳನ್ನು ನಮ್ಮಲ್ಲಿ ಕೂಡಿಡುವ ಪದ್ಧತಿ ಬೆಳೆಯಲಿಲ್ಲ. ಕೆಲಸ ಮುಗಿದೊಡನೆ ಅವು ರದ್ದಿಯಾದವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನುಡಿಸಿದವರು ನಮ್ಮನ್ನಗಲುತ್ತಿದ್ದಾರೆ. ವೆಂಕಟೇಶ್ 1993ರಲ್ಲಿ, ವಿಜಯಭಾಸ್ಕರ್ ಮತ್ತು ಬಿ. ವಿ. ಕಾರಂತರು 2002ರಲ್ಲಿ, ಬಾಲಮುರಳಿಕೃಷ್ಣ 2016ರಲ್ಲಿ, ರಾಜೀವ ತಾರಾನಾಥರು 2024ರಲ್ಲಿ ತೀರಿಕೊಂಡರು. ಯಾವ ದೃಶ್ಯಕ್ಕೆ ಯಾವ ರಾಗವನ್ನು ಏಕೆ ಆರಿಸಿದರೆಂದು ಕೇಳಲು ಇನ್ನು ಅವರಿಲ್ಲ.

ಆದರೂ ನಿರಾಶೆಗೆ ಕಾರಣವಿಲ್ಲ. ‘ಘಟಶ್ರಾದ್ಧ’ದ ಮೂಲಸುರುಳಿಯನ್ನು ಚೊಕ್ಕಗೊಳಿಸಿ ಪುನರುಜ್ಜೀವಿತ ಪ್ರತಿಯನ್ನು 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್, ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇವು ಇಂತಹ ಕಾರ್ಯಗಳಲ್ಲಿ ತೊಡಗಿವೆ. ಬೆರೆತ ಧ್ವನಿಯಿಂದ ಮಾತು, ವಾದ್ಯಗಳನ್ನು ಬೇರ್ಪಡಿಸಬಲ್ಲ ಗಣಕ ವಿಧಾನಗಳೂ ಈಚೆಗೆ ಸಿದ್ಧಿಸಿವೆ. ಬೀಟಲ್ಸ್ ತಂಡದವರು ಹಳೆಯ ಕ್ಯಾಸೆಟ್ಟೊಂದರಲ್ಲಿ ಪಿಯಾನೋದೊಡನೆ ಬೆರೆತಿದ್ದ ಗತಿಸಿದ ಗೆಳೆಯನ ಕಂಠವನ್ನು ಬಿಡಿಸಿ ತೆಗೆದು 2023ರಲ್ಲಿ ಹೊಸ ಹಾಡನ್ನೇ ಹೊರತಂದರು. ಹಾಲಿನ ಸಕ್ಕರೆಯನ್ನು ಹೆಕ್ಕುವ ಕೆಲಸ ಅಸಾಧ್ಯವಾಗಿ ಉಳಿದಿಲ್ಲ; ಪರಿಪೂರ್ಣವಾಗಿಯೂ ಇಲ್ಲ. ಯಂತ್ರವು ಬಿಡಿಸಬೇಕಾದರೂ ಮೊದಲು ಹಾಲು ಕೆಡದೆ ಉಳಿದಿರಬೇಕು.

ಕಾನೂನಿನ ಒಂದು ಮಾತನ್ನೂ ತಿಳಿದಿರಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲಚ್ಚಿತ್ರದ ಮತ್ತು ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. 1959ರ ಚಿತ್ರಕ್ಕೆ ಅದು 2019ರ ಕೊನೆಗೆ ಮುಗಿಯಿತು. 1966ರ ಚಿತ್ರಕ್ಕೆ 2026ರ ಕೊನೆಯವರೆಗೆ. ಆದರೆ ಸಂಗೀತ ರಚಿಸಿದವರ, ಸಾಹಿತ್ಯ ಬರೆದವರ ಹಕ್ಕು ಬೇರೆ. ಅದು ಅವರ ಮರಣಾನಂತರ 60 ವರ್ಷ ಇರುತ್ತದೆ. ಆದಕಾರಣ ಸಂಗ್ರಹಿಸಿ ಕಾಪಾಡುವುದು ಒಂದು ಕೆಲಸ, ಪ್ರಕಟಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಹಕ್ಕುದಾರರ ಒಪ್ಪಿಗೆ ಅಗತ್ಯ. ಮೊದಲನೆಯದಕ್ಕೆ ಬೇಕಾದುದು ಶ್ರದ್ಧೆ.

ನಮ್ಮ ಪಾಲಿನ ಕೆಲಸ

ಊರಿನ ಶಾಲೆಯೊಂದು ಚಿತ್ರಗಳನ್ನು ಪುನರುಜ್ಜೀವಿಸಲಾರದು. ಆದರೆ ಹಳಕಟ್ಟಿಯವರು ಮಾಡಿದಂತೆ ಮನೆಮನೆಯ ಅಟ್ಟವನ್ನು ನೋಡಬಲ್ಲದು. ಕೊಣನೂರು, ರಾಮನಾಥಪುರ, ಅರಕಲಗೂಡು, ಹೊಳೆನರಸೀಪುರಗಳ ಸುತ್ತಮುತ್ತ ಹಿಂದೆ ಮೈಕ್ ಸೆಟ್ ಇಟ್ಟುಕೊಂಡಿದ್ದವರ, ಟೂರಿಂಗ್ ಟಾಕೀಸು ನಡೆಸಿದವರ ಮನೆಗಳಲ್ಲಿ ತಟ್ಟೆಗಳ ಪೆಟ್ಟಿಗೆಗಳು ಇನ್ನೂ ಇರುವ ಸಂಭವವಿದೆ. ಹಾಡಿನ ತಟ್ಟೆಯಾದರೂ ತಿರಸ್ಕರಿಸಬಾರದು. ಪಲ್ಲವಿ ಚರಣಗಳ ನಡುವಣ ವಾದ್ಯಭಾಗಗಳಲ್ಲಿ ಆ ವಾದ್ಯವೃಂದದ ನಿಚ್ಚಳವಾದ ಧ್ವನಿ ಉಳಿದಿರುತ್ತದೆ. ಚಿತ್ರದ ಕಥಾಸಂಗ್ರಹವನ್ನೂ ಹಾಡುಗಳನ್ನೂ ಅಚ್ಚು ಹಾಕಿ ಮಾರುತ್ತಿದ್ದ ಹಾಡಿನ ಪುಸ್ತಕಗಳೂ ಅಮೂಲ್ಯ ದಾಖಲೆಗಳು.

ದೊರೆತ ತಟ್ಟೆಯನ್ನು ನೋಡಿಕೊಳ್ಳುವ ರೀತಿಯನ್ನು ಎಲ್ಲರೂ ಅರಿತಿರಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಗ್ರಂಥಾಲಯದ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು, ಒಲೆಯ ಶಾಖ ತಾಕಬಾರದು. ಅರಗಿನ ತಟ್ಟೆಯನ್ನು ಎಂದಿಗೂ ಸ್ಪಿರಿಟ್‌ನಿಂದ ಒರೆಸಬಾರದು. ಅರಗು ಅದರಲ್ಲಿ ಕರಗುತ್ತದೆ. ಹಳೆಯ ಉಕ್ಕಿನ ಮುಳ್ಳಿನಿಂದ ಪದೇಪದೇ ನುಡಿಸಿದರೆ ಗೆರೆ ಸವೆಯುತ್ತದೆ. ಅರಗಿನ ತಟ್ಟೆಗೂ ಎಲ್.ಪಿ.ಗೂ ಮುಳ್ಳಿನ ಮೊನೆಯ ಅಳತೆ ಬೇರೆಬೇರೆ. ಒಂದರ ಮುಳ್ಳಿನಿಂದ ಇನ್ನೊಂದನ್ನು ನುಡಿಸಬಾರದು. ಒಡೆದ ತಟ್ಟೆಯನ್ನೂ ಎಸೆಯಬಾರದು. ಚೀಟಿಯ ಮೇಲಿನ ಹೆಸರುಗಳು, ಗೆರೆ ಮುಗಿದೆಡೆಯಲ್ಲಿ ಕೊರೆದಿರುವ ಸಂಖ್ಯೆ ಇವು ಸಂಶೋಧಕರಿಗೆ ಬೇಕು.

ಉಪಾಧ್ಯಾಯ ಬಂಧುಗಳಿಗೆ ಇನ್ನೊಂದು ಕಾರ್ಯವುಂಟು. ಮಕ್ಕಳಿಗೆ ‘ಚೋಮನ ದುಡಿ’ಯನ್ನೋ ‘ಸಂಧ್ಯಾರಾಗ’ವನ್ನೋ ತೋರಿಸುವಾಗ, ಒಂದು ದೃಶ್ಯವನ್ನು ಕಣ್ಣು ಮುಚ್ಚಿ ಕೇಳಲು ಹೇಳಿ, ಯಾವ ವಾದ್ಯ ಎಲ್ಲಿ ಆರಂಭವಾಯಿತು, ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಬರೆಯಿಸಬಹುದು. ಕೇಳುವ ಕಿವಿ ಇಲ್ಲದಿದ್ದರೆ ಕಾಪಾಡಿದ ನಾದಕ್ಕೂ ಅರ್ಥವಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನೆಲಸಿರುವವರೂ, ಹೊರದೇಶಗಳಲ್ಲಿರುವವರೂ ಹಲವರಿದ್ದಾರೆ. ತಾಂತ್ರಿಕ ಜ್ಞಾನವುಳ್ಳವರಿಗೆ ತಟ್ಟೆಯ ಧ್ವನಿಯನ್ನು ಗಣಕಕ್ಕೆ ಇಳಿಸುವುದು ಕಷ್ಟದ ಕೆಲಸವಲ್ಲ. ದಾನಿಗಳು ಕಟ್ಟಡಕ್ಕೆ, ದಾಸೋಹಕ್ಕೆ ಉದಾರವಾಗಿ ಕೊಟ್ಟಿದ್ದಾರೆ. ಗ್ರಂಥಾಲಯದ ಒಂದು ಮೂಲೆಯಲ್ಲಿ ಒಣಗಿದ, ತಂಪಾದ ಒಂದು ಕಪಾಟು, ಒಳ್ಳೆಯ ಒಂದು ಯಂತ್ರ, ಒಂದು ದಾಖಲೆಯ ಪುಸ್ತಕ ಇಷ್ಟಕ್ಕೆ ತಗಲುವ ವೆಚ್ಚ ಅಲ್ಪ.

ಮಠಗಳು ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನು ಬೆಳೆಸಿದವು. ಓಲೆಗರಿಗಳನ್ನು ಕಾಪಾಡಿದ ಆ ಪರಂಪರೆಯಲ್ಲಿಯೇ ನಾದವನ್ನೂ ಕಾಪಾಡುವ ಕೆಲಸ ಸೇರಿಕೊಳ್ಳುವುದು ಉಚಿತ. ತಟ್ಟೆಗೇರದ ಸಂಗೀತ ತಟ್ಟೆಗೇರುವ ದಿನ ಬರುವವರೆಗೆ, ಅದು ಎಲ್ಲೆಲ್ಲಿ ಅಡಗಿದೆಯೆಂಬ ಪಟ್ಟಿಯಾದರೂ ನಮ್ಮ ಕೈಯಲ್ಲಿರಲಿ. ಪೆಟ್ಟಿಗೆಯೊಂದು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಮಾರುವ ಮುನ್ನ, ಎಸೆಯುವ ಮುನ್ನ ಒಮ್ಮೆ ಶಾಲೆಗೆ ತಿಳಿಸಿರೆಂದು ವಿನಂತಿ.